ಬೆತ್ತಕ್ಕೆ ಬಂದ ಚಳಿಜ್ವರ

ಕೋಳಿ ಕೂಗುವ ಮೊದಲೇ ಬಂದು ಸಾಹುಕಾರ್ ಚಿಕ್ಕಬಸಪ್ಪನವರ ಮನೆ ಮುಂದೆ ಮೊದಲನೆಯವನಾಗಿ ನಿಂತಿದ್ದ ಸಣ್ಣಯ್ಯ, ಬಿಸಿಲೇರುವ ಹೊತ್ತಿಗೆ ಹದಿಮೂರನೆಯವನಾಗಿದ್ದ. ಹಂಚುವುದಕ್ಕೆ ಇದ್ದದ್ದು ಹನ್ನೆರಡೇ ಪೊಟ್ಟಣ ಕ್ವಿನೈನ್ ಗುಳಿಗೆ. ಕೇರಿಯ ಗುಡಿಸಲಲ್ಲಿ ಅವನ ಹೆಂಡತಿ ರಾಚಮ್ಮ ಎಂಟು ದಿನದಿಂದ ಚಳಿಜ್ವರ ಹತ್ತಿ ಗಡಗಡ ನಡುಗುತ್ತ ಮಲಗಿದ್ದಳು. ಗುಳಿಗೆ ಇಲ್ಲದೆ ವಾಪಸು ಬರುವುದಿಲ್ಲವೆಂದು ಅವಳಿಗೆ ಹೇಳಿ ಬಂದಿದ್ದ.

ಚಿಕ್ಕಬಸಪ್ಪನವರು ವಿಲಾಯಿತಿಗೆ ಹೋಗಿ ಬಂದವರು. ಹೊರಡುವಾಗ ಜೊತೆಗೆ ಬರಲು ನೆಂಟರಿಷ್ಟರಲ್ಲಿ ಒಬ್ಬರೂ ಒಪ್ಪಲಿಲ್ಲ. ಸಮುದ್ರ ದಾಟಿದರೆ ಜಾತಿ ಕೆಡುತ್ತದಲ್ಲ! ಸಣ್ಣಯ್ಯನಿಗಾದರೆ ಕೆಡುವುದಕ್ಕೆ ಜಾತಿಯೇ ಇಲ್ಲವೆಂದು ಊರ ಹಿರಿಯರು ತೀರ್ಮಾನಿಸಿ, ಪೆಟ್ಟಿಗೆ ಹೊರಲು ಅವನನ್ನು ಕಳಿಸಿಕೊಟ್ಟಿದ್ದರು. ಲಂಡನ್ನಿನಲ್ಲಿ ಸಾಹುಕಾರರಿಗೆ ನಾಟಕದ ಹುಚ್ಚು ಹತ್ತಿತು. ಟಿಕೀಟಿನ ಸಾಲಿನಲ್ಲಿ ಸಣ್ಣಯ್ಯನನ್ನು ನಿಲ್ಲಿಸಿ, ತಾವು ಎದುರಿನ ಹೋಟೆಲಿನ ಕಿಟಕಿಯಲ್ಲಿ ಟೀ ಕುಡಿಯುತ್ತ ನೋಡುತ್ತಿದ್ದರು. ಸಣ್ಣಯ್ಯ ಮುಂದೆ, ಟೋಪಿ ಇಟ್ಟ ಬಿಳಿಯ ದೊರೆಗಳು ಅವನ ಹಿಂದೆ. ಒಬ್ಬರೂ ಅವನಿಗೆ 'ಅತ್ತ ಸರಿ' ಅನ್ನಲಿಲ್ಲ. ಮೊದಲ ದಿನ ಅವನು ಮತ್ತೆ ಮತ್ತೆ ಹಿಂದೆ ತಿರುಗಿ ನೋಡಿದ್ದ, ನಾಲ್ಕನೆಯ ದಿನ ಜೀವಕ್ಕೆ ಹಿತವಾಗಿತ್ತು.

ಊರಿಗೆ ಬಂದ ಮೇಲೆ ನಂಜನಗೂಡಿನಿಂದ ನರಸೀಪುರದ ತನಕ ಎಲ್ಲ ಸಭೆಗಳಲ್ಲೂ ಸಾಹುಕಾರರದು ಒಂದೇ ಭಾಷಣ. "ವಿಲಾಯಿತಿ ಮುಂದೆ ಬಂದದ್ದು ಏತರಿಂದ? ಸಾಲಿನಿಂದ! ಮೊದಲು ಬಂದವನಿಗೆ ಮೊದಲು!" ಜನ ಚಪ್ಪಾಳೆ ತಟ್ಟಿ, ಭಾಷಣ ಮುಗಿದೊಡನೆ ಉಪ್ಪಿಟ್ಟಿಗೆ ಮುಗಿಬೀಳುತ್ತಿದ್ದರು. ಇವರಿಗೆ ಬಾಯಲ್ಲಿ ಹೇಳಿದರೆ ಸಾಲದು, ಮಾಡಿಯೇ ತೋರಿಸಬೇಕೆಂದು ಸಾಹುಕಾರರು ಸ್ವಂತ ಖರ್ಚಿನಲ್ಲಿ ನಂಜನಗೂಡಿನ ರೈಲಿನಲ್ಲಿ ಒಂದು ಡಬ್ಬ ಗುಳಿಗೆ ತರಿಸಿದ್ದರು. ಸಾಲು ಮಾಡಿಸುವ ಹೊಣೆ ಗುಮಾಸ್ತೆ ಶಿವಣ್ಣನದಾಗಿತ್ತು.

"ಲೋ ಸಣ್ಣಯ್ಯ, ನಿನ್ನ ಹಿಂದೆ ಯಾರ್ಲಾ ಬಂದು ನಿಂತ್ಕತಾರೆ? ಅತ್ಲಾಗೆ ಸರಿ," ಎಂದಿದ್ದ ಶಿವಣ್ಣ ಬೆಳಗ್ಗೆಯೇ.

"ಮೊದ್ಲು ಬಂದೋನ್ಗೆ ಮೊದ್ಲು ಅಂದವ್ರಲ್ಲ ಬುದ್ಧೇರು?"

"ಅದು ಸಾಲಾದ್ಮೇಲೆ ಕಣ್ಲಾ. ಇನ್ನೂ ಸಾಲೇ ಆಗಿಲ್ಲ, ನೀನೊಬ್ನೇ ನಿಂತಿದ್ದೀಯ."

ಆಮೇಲೆ ಸಾಲಾಯಿತು. ಬಿಸಿಲಿಗೆ ನಿಲ್ಲಲಾರದ ಪಟೇಲರು ತಮ್ಮ ಬದಲಿಗೆ ಬೆಳ್ಳಿ ಹಿಡಿಯ ಬೆತ್ತ ಕಳಿಸಿದರು. ಶಿವಣ್ಣ ಅದನ್ನು ಎಲ್ಲರಿಗಿಂತ ಮುಂದೆ ಭಕ್ತಿಯಿಂದ ಮಲಗಿಸಿದ. ಎರಡನೆಯದು ಶಾನುಭೋಗರ ಕೊಡೆ, ಮೂರನೆಯದು ದೊಡ್ಡಮನೆಯವರ ತಂಬಿಗೆ. ಅದರ ಹಿಂದೆ ಒಂಬತ್ತು ಜನ ಮನುಷ್ಯರು. ಅವರಲ್ಲಿ ನಾಲ್ವರಿಗೆ ಜ್ವರವಿತ್ತು, ಮಿಕ್ಕವರು ವಿಲಾಯಿತಿ ಗುಳಿಗೆ ಹೇಗಿರುತ್ತದೆಂದು ನೋಡಲು ಬಂದಿದ್ದರು. ಅವರಿಗೆ ತನ್ನ ನೆರಳು ತಾಗದಷ್ಟು ದೂರದಲ್ಲಿ ಸಣ್ಣಯ್ಯ ನಿಂತಿದ್ದ.

ಕೋಟು ತೊಟ್ಟು ಜಗುಲಿಗೆ ಬಂದ ಚಿಕ್ಕಬಸಪ್ಪನವರಿಗೆ ಗೆರೆ ಎಳೆದಂಥ ಸಾಲು ಕಂಡು ಕಣ್ಣು ತುಂಬಿ ಬಂತು. "ಥೇಟ್ ಲಂಡನ್ ಕಣೋ ಶಿವಣ್ಣ! ನೂಕಾಟವಿಲ್ಲ, ಗಲಾಟೆಯಿಲ್ಲ!" ಬೆತ್ತ, ಕೊಡೆ ಎಲ್ಲಿ ಗಲಾಟೆ ಮಾಡುತ್ತವೆ ಎಂದುಕೊಂಡ ಸಣ್ಣಯ್ಯ. ಶಿವಣ್ಣ ಬೆತ್ತದ ಪಕ್ಕದಲ್ಲೊಂದು, ಕೊಡೆಯ ಪಕ್ಕದಲ್ಲೊಂದು ಪೊಟ್ಟಣ ಇಟ್ಟ. ತಂಬಿಗೆಯೊಳಗೊಂದು ಹಾಕಿದ. ಒಂಬತ್ತು ಜನರ ಕೈಗೆ ಕೊಡುವಷ್ಟರಲ್ಲಿ ಡಬ್ಬ ಬರಿದಾಯಿತು.

"ಯಾರೂ ಸಾಲು ಮುರಿಯಬೇಡಿ," ಎಂದರು ಸಾಹುಕಾರರು. ಭಾಷಣ ಬಾಕಿಯಿತ್ತು. "ಲೋ ಸಣ್ಣ, ನೀನೂ ಅಲ್ಲಿ ಕಣ್ಣಾರೆ ಕಂಡವನು. ಇವರಿಗೆ ಹೇಳು, ಹಾಗೇ ಇದೆಯೋ ಇಲ್ಲವೋ?"

ಸಣ್ಣಯ್ಯ ಸಾಲಿನ ತುದಿಯ ಬೆತ್ತದ ಕಡೆ ನೋಡಿದ. ದನಿ ಏರಿಸಲಿಲ್ಲ. "ಐತೆ ಬುದ್ಧಿ. ಒಂದೇ ಒಂದು ಮಾತು ಕೇಳ್ಲಾ? ಆ ಬೆತ್ತಕ್ಕೆ ಜ್ವರ ಬಂದು ಎಷ್ಟು ದಿನ ಆಯ್ತು?"

ಸಾಲಿನಲ್ಲಿ ಯಾರೋ ಕಿಸಕ್ಕೆಂದು ನಕ್ಕು, ಕೆಮ್ಮಿದ ಹಾಗೆ ಮಾಡಿದರು.

"ತಲೆಹರಟೆ ಬೇಡ," ಎಂದರು ಚಿಕ್ಕಬಸಪ್ಪನವರು. "ಪಟೇಲರ ಮನೆಯಲ್ಲಿ ನಾಳೆ ಯಾರಿಗಾದರೂ ಬೇಕಾದೀತು. ಮುಂದಿನ ತಿಂಗಳು ಇನ್ನೊಂದು ಡಬ್ಬ ಬರುತ್ತೆ, ಆಗ ಬಾ."

"ಅಷ್ಟೊತ್ಗೆ ರಾಚಿ ಇರಾಕಿಲ್ಲ ಬುದ್ಧಿ."

ಅಷ್ಟು ಹೇಳಿ ಸಣ್ಣಯ್ಯ ಸಾಲಿನ ಪಕ್ಕದಲ್ಲೇ ನಡೆದುಕೊಂಡು ಮುಂದೆ ಹೋದ. ಬಗ್ಗಿ, ಬೆತ್ತದ ಬಳಿಯಿದ್ದ ಪೊಟ್ಟಣ ಎತ್ತಿಕೊಂಡ. ಬೆತ್ತ ತಕರಾರು ಮಾಡಲಿಲ್ಲ.

"ಅಯ್ಯಯ್ಯೋ, ಮುಟ್ಬುಟ್ನಲ್ಲಪ್ಪೋ!" ಎಂದು ಶಿವಣ್ಣ ಕಿರುಚಿಕೊಂಡ. "ಕೊಡ್ಲಾ ಇಲ್ಲಿ! ಅದು ಪಟೇಲರ್ದು!"

ಸಣ್ಣಯ್ಯ ಪೊಟ್ಟಣವನ್ನು ಅಂಗೈಯಲ್ಲಿಟ್ಟು ಅವನ ಕಡೆಗೆ ಚಾಚಿದ. ಶಿವಣ್ಣ ಎರಡು ಹೆಜ್ಜೆ ಹಿಂದಕ್ಕೆ ಹಾರಿದ. ಸಾಲಿನವರತ್ತ ಚಾಚಿದ, ಬೆಳಗಿನಿಂದ ಕದಲದಿದ್ದ ಲಂಡನ್ ಸಾಲು ಚೆಲ್ಲಾಪಿಲ್ಲಿಯಾಯಿತು. ಜಗುಲಿಯ ಹತ್ತಿರ ಹೋಗಿ ಸಾಹುಕಾರರ ಮುಂದೆಯೂ ಹಿಡಿದ. ಅವರು ಎರಡೂ ಕೈಗಳನ್ನು ಕೋಟಿನ ಜೇಬಿಗೆ ಇಳಿಸಿಕೊಂಡರು.

"ಅಂಗಾರೆ ಇದು ಯಾರ್ಗೂ ಬ್ಯಾಡ," ಎಂದು ಸಣ್ಣಯ್ಯ ಪೊಟ್ಟಣವನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಕೈ ಮುಗಿದ. "ರಾಚಿಗೆ ಇದ್ರಲ್ಲಿ ವಾಸಿ ಆಗ್ದಿದ್ರೆ ನಾಳೀಕೂ ಬತ್ತೀನಿ ಬುದ್ಧಿ. ಆ ಕೊಡೆ ಪೊಟ್ಣಾನೂ ಒಸಿ ಮುಟ್ಟಿ ತಕ್ಕೊಂಡೋಯ್ತೀನಿ."