ಮಾತ್ರೆ ಬೇಡ, ಎಣ್ಣೆ ಸಾಕು

"ಓದಿ! ನೀವೇ ಮಾಡಿದ ಎಣ್ಣೆ ತಾನೇ? ಚೀಟೀಲಿ ಏನು ಬರೆಸಿದ್ದೀರಿ ಅಂತ ಗಟ್ಟಿಯಾಗಿ ಓದಿ!"

ದರ್ಜಿ ಹೆಂಗಸು ಸಿಹಿಗುಂಬಳದ ಬೀಜದೆಣ್ಣೆಯ ಬಾಟಲಿಯನ್ನು ಮೇಜಿನ ಮೇಲೆ ಕುಟ್ಟಿದ ರಭಸಕ್ಕೆ ತಕ್ಕಡಿ ಅದುರಿತು. ಒಳಗೆ ಬೀಜ ಸುರಿಯುತ್ತಿದ್ದ ಗಾಣದಕ್ಕ ಯಂತ್ರ ನಿಲ್ಲಿಸಿ, ಕೈಯ ಜಿಡ್ಡು ಒರೆಸಿಕೊಳ್ಳುತ್ತಾ ಹೊರಗೆ ಬಂದಳು. ಎಣ್ಣೆ ತೆಗೆಯುವುದು ಅವಳ ಪಾಲು. ಚೀಟಿ ಅಂಟಿಸಿ ಮಾರುವುದು ಗಲ್ಲಾದಲ್ಲಿ ಕೂತ ಅಣ್ಣನದು. ಬಾಟಲಿ ಎತ್ತಿಕೊಂಡು ಓದಿದಳು: 'ಮೂತ್ರದ ತೊಂದರೆಗೆ ಮಾತ್ರೆ ಬೇಡ, ಆಪರೇಷನ್ ಬೇಡ. ದಿನಕ್ಕೆರಡು ಚಮಚ ಎಣ್ಣೆ ಸಾಕು.'

"ಎರಡು ತಿಂಗಳಿಂದ ನಮ್ಮವರು ಡಾಕ್ಟರ್ ಕೊಟ್ಟ ಮಾತ್ರೆ ಮುಟ್ಟಿಲ್ಲ. ಮೊನ್ನೆ ಬೆಳಿಗ್ಗೆಯಿಂದ ಒಂದು ಹನಿ ಹೋಗ್ಲಿಲ್ಲ. ಹೊಟ್ಟೆ ಕಲ್ಲಾಗಿತ್ತು. ಈಗ ಟ್ಯೂಬು ಹಾಕಿ ಮಲಗಿಸಿದ್ದಾರೆ, ಕಿಡ್ನಿಗೂ ಪೆಟ್ಟು ಬಿದ್ದಿದೆಯಂತೆ. ಇಪ್ಪತ್ತು ವರ್ಷ ಬಸ್ಸು ಓಡಿಸಿದ ಮನುಷ್ಯ ಮಗ್ಗುಲು ಬದಲಿಸೋಕೆ ಅಳ್ತಿದ್ದಾರೆ!"

"ಪಥ್ಯ ಸರಿಯಾಗಿ ಮಾಡಿರಲ್ಲ, ಬಿಡಮ್ಮ," ಎಂದ ಅಣ್ಣ ಕೂತಲ್ಲಿಂದಲೇ. "ಎಣ್ಣೇನ ಯಾಕೆ ಬೈತೀರಿ? ನಮ್ಮಮ್ಮ ಈ ಬೀಜದಲ್ಲೇ ಎಷ್ಟು ಜನಕ್ಕೆ ವಾಸಿ ಮಾಡಿದ್ದಾಳೆ!"

ಅಮ್ಮನ ಹೆಸರು ಕಿವಿಗೆ ಬಿದ್ದದ್ದೇ ಗಾಣದಕ್ಕನ ಮೈ ಉರಿಯಿತು. ಮಕ್ಕಳ ಹೊಟ್ಟೆಯಲ್ಲಿ ಹುಳುವಾದರೆ ಅಮ್ಮ ಬೀಜ ಅರೆದು ಕೊಡುತ್ತಿದ್ದದ್ದು ನಿಜ, ಜ್ವರ ಬಿಟ್ಟವರಿಗೆ ತಿರುಳು ಬೇಯಿಸಿ ಉಣಿಸುತ್ತಿದ್ದದ್ದೂ ನಿಜ. ಆದರೆ ನೋವು ಜಾಸ್ತಿಯಾದರೆ ಮಗುವನ್ನು ಹೆಗಲಿಗೇರಿಸಿ ಆಸ್ಪತ್ರೆಗೆ ಓಡುತ್ತಿದ್ದವಳೂ ಅವಳೇ.

"ಅಣ್ಣ, ಇದನ್ನ ಯಾರು ಬರೆಸಿದ್ದು?"

"ಎಲ್ಲರೂ ಬರೆಸ್ತಾರೆ ಕಣೇ. ಬರೀ ಎಣ್ಣೆ ಅಂದ್ರೆ ಯಾರು ಮೂಸಿ ನೋಡ್ತಾರೆ? ನೀನು ಒಳಗೆ ಹೋಗು."

ಅವಳು ಒಳಗೆ ಹೋಗಲಿಲ್ಲ. ಇಷ್ಟು ದಿನ ತನ್ನದೇ ಬಾಟಲಿಯ ಚೀಟಿ ಓದುವ ಗೋಜಿಗೆ ಹೋಗದ ತನ್ನ ಮೇಲೂ ಸಿಟ್ಟು ಉಕ್ಕಿತು. ಅಣ್ಣನ ಮೊಣಕೈಯನ್ನು ತಳ್ಳಿ ಗಲ್ಲಾದ ಡ್ರಾಯರ್ ಎಳೆದಳು. ಮೂಲೆಯಲ್ಲಿದ್ದ ಮಾತ್ರೆಯ ಸ್ಟ್ರಿಪ್ ತೆಗೆದು ಮೇಜಿನ ಮೇಲೆಸೆದಳು. ಅರ್ಧ ಕಿತ್ತಳೆ, ಅರ್ಧ ಹಸಿರು ಬಣ್ಣದ ಗುಳಿಗೆಗಳು.

ದರ್ಜಿ ಹೆಂಗಸು ಬಗ್ಗಿ ನೋಡಿದಳು. "ಇದೇ! ನಮ್ಮವರು ಬಿಟ್ಟಿದ್ದು ಇದೇ ಮಾತ್ರೆ!"

"ಹೌದಮ್ಮ. ಅಣ್ಣನಿಗೂ ಅದೇ ಕಾಯಿಲೆ. ಮೂರು ವರ್ಷದಿಂದ ಮೆಡಿಕಲ್ ಶಾಪಿಂದ ನಾನೇ ತಂದುಕೊಡ್ತಿದ್ದೀನಿ. ಒಂದು ದಿನ ತಡವಾದ್ರೆ ಮನೆ ತಲೆ ಮೇಲೆ ಹೊತ್ಕೊಳ್ತಾನೆ."

ಅಂಗಡಿ ಮುಂದೆ ಜನ ಸೇರಿದ್ದರು. ಗಾಣದಕ್ಕ ಬಾಟಲಿಯನ್ನು ಸ್ಟ್ರಿಪ್ಪಿನ ಪಕ್ಕದಲ್ಲಿಟ್ಟಳು.

"ಇವತ್ತಿಂದ ನಿನಗೆ ಎರಡರಲ್ಲಿ ಒಂದೇ. ಇವರೆಲ್ಲ ನೋಡ್ಲಿ. ಯಾವುದು ಬೇಕು, ತಗೋ."

ಅಣ್ಣ ತಂಗಿಯ ಮುಖ ನೋಡಿದ, ದರ್ಜಿ ಹೆಂಗಸಿನ ಮುಖ ನೋಡಿದ. ಆಮೇಲೆ ಅವನ ಕೈ ಮೆಲ್ಲಗೆ ಬಾಟಲಿಯನ್ನು ದಾಟಿ ಹೋಗಿ ಗುಳಿಗೆಗಳನ್ನು ಮುಚ್ಚಿಕೊಂಡಿತು.