ಒಂದೇ ತಲೆಯ ಕೂದಲು

ಎದುರಿನ ಸಲೂನಿನಿಂದ ಹೊರಬಿದ್ದ ಹೆಂಗಸು ರಸ್ತೆ ದಾಟಿ ನೇರ ತನ್ನ ಸಲೂನಿನ ಬಾಗಿಲಿಗೇ ಬರುವುದನ್ನು ಕತ್ತರಿ ಅಕ್ಕ ಗಾಜಿನೊಳಗಿಂದ ನೋಡಿದಳು. ತಲೆಗೆ ಬಿಗಿಯಾಗಿ ಕಟ್ಟಿದ ನೀಲಿ ಸ್ಕಾರ್ಫು, ಕೈಯಲ್ಲಿ ಸಣ್ಣ ನೋಟ್‌ಬುಕ್ಕು. ಬೆಲೆ ತಿಳಿದುಕೊಂಡು ಬಾ ಎಂದು ಆ ಕಡೆಯವರೇ ಕಳಿಸಿದ್ದಾರೆ, ಅನುಮಾನವೇ ಇಲ್ಲ ಎಂದು ತೀರ್ಮಾನಿಸಿಬಿಟ್ಟಳು.

ಅಕ್ಕನ ತಲೆ ಮೊದಲೇ ಕೆಟ್ಟಿತ್ತು. ಮರುದಿನ ಸಂಜೆ ಒಬ್ಬ ಮದುಮಗಳಿಗೆ ಸೊಂಟ ಮುಟ್ಟುವಷ್ಟು ಕೂದಲು ಜೋಡಿಸಿಕೊಡುತ್ತೇನೆಂದು ಮುಂಗಡ ಈಸಿಕೊಂಡಿದ್ದಳು. ಕೂದಲಿನ ವ್ಯಾಪಾರಿ ಕಳಿಸಿದ ಪೊಟ್ಟಣವನ್ನು ತೂಗಲೆಂದು ಬಿಚ್ಚಿದರೆ ಹತ್ತು ತಲೆಯ ತುಂಡುಗಳು, ಸಾಲದ್ದಕ್ಕೆ ಮೇಲೆ ಬಣ್ಣ ಬೇರೆ. ಒಳ್ಳೆಯದು ಬೇಕಾದರೆ ಹದಿನೈದು ದಿನ ಕಾಯಿರಿ ಎಂದು ಅವನು ಫೋನಿಟ್ಟಿದ್ದ. ಮದುಮಗಳು ಕೈತಪ್ಪಿದರೆ ಹೋಗುವುದು ಎದುರಿನ ಅಂಗಡಿಗೆ. ಅವಳ ಬೆನ್ನಿಗೆ ಅಕ್ಕತಂಗಿಯರು, ಅತ್ತಿಗೆ ನಾದಿನಿಯರು, ಎಲ್ಲರೂ. ಹನ್ನೆರಡು ವರ್ಷ ನಿಂತೇ ದುಡಿದು ಗಳಿಸಿದ ಹೆಸರು ಒಂದು ಸಂಜೆಗೆ ಮಣ್ಣುಪಾಲು.

"ಕೂದಲು ಜೋಡಿಸೋದಕ್ಕೆ ಎಷ್ಟಾಗತ್ತೆ?" ಬಂದವಳು ಕೂರುವ ಮೊದಲೇ ಕೇಳಿದಳು.

"ಮೂವತ್ತು ಸಾವಿರ."

"ಅದರಲ್ಲಿ ಕೂದಲಿಗೆಷ್ಟು, ಕೆಲಸಕ್ಕೆಷ್ಟು?"

ಗಿರಾಕಿಗಳು ಹೀಗೆ ಕೇಳುವುದಿಲ್ಲ. ಅವರು ಕೇಳುವುದು ಸ್ವಲ್ಪ ಕಡಿಮೆ ಮಾಡ್ತೀರಾ ಎಂದು. ಅಕ್ಕ ಹುಷಾರಾದಳು.

"ಎದುರಿನವರು ಏನಂದ್ರು?"

"ಕೂದಲು ಎಲ್ಲಿ ಬೇಕಾದ್ರೂ ಸಿಗತ್ತೆ, ಅದಕ್ಕೇನು ಬೆಲೆ, ದುಡ್ಡೆಲ್ಲ ಕೈಕೆಲಸಕ್ಕೇ ಅಂದ್ರು."

ಅಕ್ಕನಿಗೆ ಮೈಯೆಲ್ಲ ಉರಿಯಿತು. ಬೀದಿಬದಿಯ ನೈಲಾನ್ ಎಳೆ ಅಂಟಿಸುವವರು ಇನ್ನೇನು ಹೇಳಿಯಾರು. "ಸ್ಕಾರ್ಫ್ ತೆಗೀರಿ, ತಲೆ ನೋಡ್ತೀನಿ," ಎಂದಳು.

ಅವಳು ಥಟ್ಟನೆ ಎರಡೂ ಕೈಗಳನ್ನು ತಲೆಯ ಮೇಲಿಟ್ಟುಕೊಂಡಳು. "ಈಗ ಬೇಡ. ಮೊದಲು ಬೆಲೆ ಗೊತ್ತಾಗ್ಲಿ."

ಅಕ್ಕ ಆಗ ಸರಿಯಾಗಿ ನೋಡಿದಳು. ಹಣೆಯ ಮೇಲೆ ಒಂದು ಎಳೆಯೂ ಕಾಣದಂತೆ ಬಟ್ಟೆ ಬಿಗಿದಿದೆ. ಹಿಂದೆ ಮಾತ್ರ ಉಬ್ಬು. ಕೂದಲು ಉದುರಿಹೋದವರು ತುಂಬಿಕೊಂಡಂತೆ ಕಾಣಲಿ ಎಂದು ಒಳಗೆ ಬಟ್ಟೆ ತುರುಕುತ್ತಾರೆ. ಅಂಥ ಎಷ್ಟು ಜನರನ್ನು ಅಕ್ಕ ಕಂಡಿಲ್ಲ! ಆ ಉಬ್ಬಿನಿಂದಾಗಿ ಪಾಪ, ಕುರ್ಚಿಗೆ ಒರಗಲೂ ಆಗುತ್ತಿಲ್ಲ. ಇವಳನ್ನು ಗೂಢಚಾರಿಣಿ ಎಂದುಕೊಂಡದ್ದಕ್ಕೆ ಅಕ್ಕನಿಗೆ ನಾಚಿಕೆಯಾಯಿತು.

"ಯಾವಾಗಿಂದ ಹೀಗೆ?" ದನಿ ತಾನಾಗಿ ಮೆತ್ತಗಾಯಿತು.

"ಚಿಕ್ಕಂದಿನಿಂದ್ಲೂ. ಸಾಕಾಗಿಹೋಗಿದೆ ಅಕ್ಕ. ಈ ತಲೆಭಾರ ಒಂದು ಇಳಿದ್ರೆ ಸಾಕು. ಮನೆಯವರು ಬೇಡ ಅಂತಾರೆ. ಅವರಿಗೇನು, ದಿನಾ ಕನ್ನಡಿ ಮುಂದೆ ನಿಂತು ಒದ್ದಾಡೋಳು ನಾನು."

"ಗಂಡಸರಿಗೆ ಇದೆಲ್ಲ ಎಲ್ಲಿ ಅರ್ಥ ಆಗತ್ತೆ, ಬಿಡಿ," ಎಂದ ಅಕ್ಕ, ಪೊಟ್ಟಣದಿಂದ ಒಂದು ಗೊಂಚಲು ತೆಗೆದು ಕೈಗಿತ್ತಳು.

ಅವಳು ಅದರ ಮೇಲೆ ಬೆರಳಾಡಿಸಿದಳು, ಮೇಲಿನಿಂದ ಕೆಳಗೆ, ಆಮೇಲೆ ಕೆಳಗಿನಿಂದ ಮೇಲೆ. "ಇದರಲ್ಲಿ ಕೆಲವು ಎಳೆ ಬುಡ ತುದಿಯಾಗಿ ತಲೆಕೆಳಗಾಗಿವೆ. ಎರಡು ದಿನಕ್ಕೆ ಸಿಕ್ಕುಗಟ್ಟತ್ತೆ."

ಕಸುಬಿನವರಿಗಷ್ಟೇ ತಿಳಿಯುವ ಸೂಕ್ಷ್ಮ ಅದು. ಆಸೆ ಮನುಷ್ಯರಿಗೆ ಏನೆಲ್ಲ ಕಲಿಸುತ್ತದೆ ಎಂದು ಅಕ್ಕ ಮರುಗಿದಳು.

"ಒಂದೇ ತಲೆಯದೇ ಆದ್ರೆ? ಬಣ್ಣಗಿಣ್ಣ ಏನೂ ಸೋಕದ್ದು?"

"ಅದು ಬಂಗಾರ ಕಣಮ್ಮ. ಗ್ರಾಮಿಗೆ ನೂರೈವತ್ತು."

ವ್ಯಾಪಾರಿ ಅಕ್ಕನಿಗೆ ಕೊಡುತ್ತಿದ್ದುದು ಅರವತ್ತಕ್ಕೆ. ಆದರೆ ಎದುರಿನವರ ಮಾತು ಇನ್ನೂ ಚುಚ್ಚುತ್ತಿತ್ತು. ಮೂವತ್ತು ಸಾವಿರ ಹಗಲುದರೋಡೆಯಲ್ಲ ಎಂದು ಇವಳಿಗೂ ಗೊತ್ತಾಗಬೇಕಲ್ಲ.

"ನೂರೈವತ್ತು ಗ್ರಾಂ ಬೇಕಾಗತ್ತೆ. ಇಪ್ಪತ್ತೆರಡೂವರೆ ಸಾವಿರ ಬರೀ ಕೂದಲಿಗೇ ಹೋಯ್ತು. ಉಳಿದದ್ದರಲ್ಲಿ ಅಂಟಿಸೋ ಟೇಪು, ಅಂಗಡಿ ಬಾಡಿಗೆ, ನಾಲ್ಕು ಗಂಟೆ ನಿಂತು ನನ್ನ ಸೊಂಟನೋವು. ನಂಗೇನು ಉಳಿಯತ್ತೆ, ನೀವೇ ಹೇಳಿ."

ಅವಳು ನೋಟ್‌ಬುಕ್ಕಿನಲ್ಲಿ ಗುಣಿಸಿ ನೋಡಿದಳು. ಮೊದಲ ಸಲ ಮುಖ ಅರಳಿತು. "ನ್ಯಾಯವಾಗೇ ಇದೆ. ಆ ದರ ಒಂದು ಬರೆದುಕೊಡ್ತೀರಾ?"

"ಅದಕ್ಕೇನಂತೆ." ಅಕ್ಕ ಚೀಟಿಯ ಮೇಲೆ ದಪ್ಪ ಅಕ್ಷರದಲ್ಲಿ ಬರೆದಳು: ಒಂದೇ ತಲೆಯದು, ಬಣ್ಣವಿಲ್ಲದ್ದು, ಗ್ರಾಮಿಗೆ ನೂರೈವತ್ತು. ಅಂಗಡಿಯ ಮೊಹರನ್ನೂ ಒತ್ತಿದಳು. "ಎದುರಿನವರಿಗೂ ತೋರಿಸಿ, ಕಲಿತುಕೊಳ್ಲಿ."

"ಇವತ್ತೇ ಮುಗಿಸಿಬಿಡೋಣ್ವಾ? ನಾಳೆ ಅಂದ್ರೆ ನಂಗೆ ಧೈರ್ಯ ಇರಲ್ಲ."

ಅಕ್ಕ ಪೆಚ್ಚಾದಳು. ಮೂವತ್ತು ಸಾವಿರ ಮನೆಬಾಗಿಲಿಗೆ ಬಂದು ನಿಂತಿದೆ, ಬಡಿಸಲು ಪಾತ್ರೆಯಲ್ಲಿ ಏನೂ ಇಲ್ಲ. ಆದರೆ ಇಂಥವಳಿಗೆ ಆ ಬಣ್ಣದ ತುಂಡುಗಳನ್ನು ಅಂಟಿಸಿ ಕಳಿಸಲು ಮನಸ್ಸು ಒಪ್ಪಲಿಲ್ಲ.

"ಸುಳ್ಳು ಯಾಕೆ ಹೇಳ್ಲಿ. ನೀವು ಕೇಳಿದಂಥ ಕೂದಲು ನನ್ನ ಹತ್ರ ಒಂದು ಎಳೆಯೂ ಇಲ್ಲ. ನಾಳೆ ಮದುಮಗಳಿಗೇ ಇಲ್ಲದೆ ಒದ್ದಾಡ್ತಿದೀನಿ. ಈಗ ಯಾರಾದ್ರೂ ತಂದ್ರೆ, ಆ ಚೀಟೀಲಿರೋ ಬೆಲೆ ಕೊಟ್ಟು ಕಣ್ಣಿಗೊತ್ಕೊಂಡು ತಗೋತೀನಿ."

ಅವಳು ಪೆನ್ನಿಗೆ ಮುಚ್ಚಳ ಹಾಕಿದಳು. ಚೀಟಿಯನ್ನು ಮೇಜಿನ ಮೇಲೆ ಇಬ್ಬರಿಗೂ ಕಾಣುವಂತೆ ಇಟ್ಟು, ಗಾಳಿಗೆ ಹಾರದಿರಲೆಂದು ಮೇಲೊಂದು ಬಾಚಣಿಗೆ ಇಟ್ಟಳು. ಆಮೇಲೆ ಕತ್ತಿನ ಹಿಂದಿನ ಗಂಟಿಗೆ ಕೈ ಹಾಕಿದಳು.

"ಹಾಗಾದ್ರೆ ತಕ್ಕಡಿ ಈ ಕಡೆ ತನ್ನಿ ಅಕ್ಕ," ಎಂದಳು. ಬಿಚ್ಚಿದ ಸ್ಕಾರ್ಫಿನಿಂದ ಜಾರಿದ ಜಡೆ ಕುರ್ಚಿ ದಾಟಿ ನೆಲ ಮುಟ್ಟಿತು.