ತಪ್ಪಿದ ಎಣ್ಣೆ

ಗ್ಯಾರೇಜಿನ ಗುಂಡಿಯಿಂದ ಮೇಲೆ ಬಂದ ಮೆಕ್ಯಾನಿಕ್‌ನ ಮುಖ ಕಂಡದ್ದೇ ರಾವಸಾಹೇಬರಿಗೆ ಎದ್ದು ಹೋಗಬೇಕೆನಿಸಿತು. ಹೋಗುವಂತಿರಲಿಲ್ಲ. ಅವರ ಕಾರು ಆಗಲೇ ಆ ಗುಂಡಿಯ ಮೇಲೆ ನಿಂತಿತ್ತು.

ಅದೇ ಅಗಲ ಹಣೆ, ಅದೇ ಕೂಡುಹುಬ್ಬು, ಮಾತಾಡುವ ಮುಂಚೆ ಒಂದು ಗಳಿಗೆ ತಡೆಯುವ ಅದೇ ರೀತಿ. ಕಳೆದ ಹನ್ನೊಂದು ವರ್ಷದ ವಯಸ್ಸು ಅವನನ್ನು ಮುಟ್ಟೇ ಇರಲಿಲ್ಲ. ತಲೆ ನರೆತದ್ದು, ಬೆನ್ನು ಬಾಗಿದ್ದು ತಮ್ಮೊಬ್ಬರದೇ.

ಕೊಗನೊಳ್ಳಿಯಲ್ಲಿ ಭಾವಮೈದುನನ ಮಗಳ ನಿಶ್ಚಯಕ್ಕೆಂದು ಬೆಳಿಗ್ಗೆ ಪಾಲಬಾವಿಯಿಂದ ಒಬ್ಬರೇ ಹೊರಟಿದ್ದರು. ಚಿಕ್ಕೋಡಿ ದಾಟುವಾಗ ಎರಡನೇ ಗೇರು ಗರಗರ ಎಂದಿತು. ನಿಪ್ಪಾಣಿ ಮುಟ್ಟುವಷ್ಟರಲ್ಲಿ ಬೀಳುವುದನ್ನೇ ಬಿಟ್ಟಿತು. ಪೆಟ್ರೋಲ್ ಬಂಕಿನವರು ಈ ಗ್ಯಾರೇಜಿನ ದಾರಿ ತೋರಿಸಿದ್ದರು. ಗೇರ್ ಬಾಕ್ಸಿನ ಕೆಲಸಕ್ಕೆ ಅವನಂಥ ಕೈ ಈ ಕಡೆ ಇನ್ನೊಂದಿಲ್ಲ ಎಂದೂ ಹೇಳಿದ್ದರು.

ಮೆಕ್ಯಾನಿಕ್ ಲೆಕ್ಕದ ವಹಿ ತೆಗೆದು ಹೆಸರು ಕೇಳಿದ. ರಾವಸಾಹೇಬರ ಬಾಯಿಂದ ಕಾಕಾಸಾಹೇಬ ಎಂದು ಬಂತು. ತಲೆ ಎತ್ತದೆ ಅವನು ಅದನ್ನೇ ಬರೆದುಕೊಂಡ. ಗುರುತು ಸಿಕ್ಕಿದೆ, ಸಿಗದವನಂತೆ ನಟಿಸುತ್ತಿದ್ದಾನೆ ಎಂದು ರಾವಸಾಹೇಬರಿಗೆ ಖಾತ್ರಿಯಾಯಿತು. ಅರವತ್ತು ದಾಟಿದ ಮೇಲೆ ಸ್ವಂತ ಹೆಸರನ್ನು ಬಚ್ಚಿಟ್ಟೆನಲ್ಲ ಎಂದು ಕಿವಿ ಬಿಸಿಯಾಯಿತು.

ಗೇರ್ ಬಾಕ್ಸಿನ ಎಣ್ಣೆ ಬದಲಿಸಿ ಎಷ್ಟು ದಿನವಾಯಿತೆಂದು ಅವನು ಕೇಳಿದ. ಒಮ್ಮೆಯೂ ಬದಲಿಸಿರಲಿಲ್ಲ. ಹದಿನೆಂಟು ವರ್ಷ ಗಾಡಿಗಳ ಉಗ್ರಾಣ ನೋಡಿಕೊಂಡವರು ಇಲ್ಲವೆಂದು ತಲೆ ಅಲ್ಲಾಡಿಸಿದರು.

ಅಥಣಿಯಲ್ಲಿ ಆಗ ಒಂದು ಟ್ಯಾಕ್ಸಿ ಕಂಪನಿಯಿತ್ತು. ಅದರ ಉಗ್ರಾಣ ರಾವಸಾಹೇಬರ ಕೈಯಲ್ಲಿ, ಗಾಡಿಗಳ ದುರಸ್ತಿ ಮೆಕ್ಯಾನಿಕ್ ಸಮಾಧಾನನ ಕೈಯಲ್ಲಿ. ಒಮ್ಮೆ ಅವಸರದಲ್ಲಿ ರಾವಸಾಹೇಬರು ಗೇರ್ ಬಾಕ್ಸಿನ ಎಣ್ಣೆಯ ಬದಲು ಹಿಂದಿನ ಆಕ್ಸಲ್‌ಗೆ ಹಾಕುವ ಎಣ್ಣೆಯನ್ನು ತರಿಸಿ, ಓದದೆಯೇ ಡಬ್ಬಿ ಎತ್ತಿ ಕೊಟ್ಟರು. ಆ ಎಣ್ಣೆ ಗೇರ್ ಬಾಕ್ಸಿನೊಳಗಿನ ಹಿತ್ತಾಳೆಯ ರಿಂಗುಗಳನ್ನು ತಿನ್ನುತ್ತದೆ. ಕೆಲವೇ ತಿಂಗಳಲ್ಲಿ ನಾಲ್ಕು ಕಾರು ಕೆಟ್ಟು ಕೂತವು. ಮಾಲಕರು ವಿಚಾರಣೆಗೆ ಬರುವ ಹಿಂದಿನ ದಿನ ರಾವಸಾಹೇಬರು ಸರಿಯಾದ ಎಣ್ಣೆಯ ಡಬ್ಬಿಯೊಂದನ್ನು ತಂದು, ಸೀಲು ಒಡೆದು, ಹಲಗೆಯ ಮೇಲೆ ತಪ್ಪು ಡಬ್ಬಿಯ ಪಕ್ಕದಲ್ಲೇ ಇಟ್ಟರು. ಮರುದಿನ ಮಾಲಕರೆದುರು, ಸರಿಯಾದದ್ದು ಇಲ್ಲೇ ಇತ್ತು, ಇವನೇ ನೋಡದೆ ಬೇರೆಯದನ್ನು ತೆಗೆದುಕೊಂಡ ಎಂದರು. ಸಮಾಧಾನ ಎರಡೂ ಡಬ್ಬಿಗಳನ್ನು ಬಹಳ ಹೊತ್ತು ನೋಡಿದ. ಒಂದು ಮಾತೂ ಆಡಲಿಲ್ಲ. ಅಂದು ಸಂಜೆಯೇ ಕೆಲಸ ಬಿಟ್ಟು ಹೋದ.

ಆ ಮೌನವನ್ನು ರಾವಸಾಹೇಬರು ಹನ್ನೊಂದು ವರ್ಷ ಹೊತ್ತಿದ್ದರು. ಅವನಿಗೆ ಎಲ್ಲವೂ ತಿಳಿದಿತ್ತು. ತಿಳಿದೂ ತಮ್ಮನ್ನು ಬಿಟ್ಟುಕೊಡದೆ ಹೋಗಿದ್ದ.

ಈಗ ಅವನು ಮೊದಲು ಎಣ್ಣೆ ತುಂಬುವ ಬೋಲ್ಟ್ ಸಡಿಲಿಸಿದ. ಅದು ಬಿಚ್ಚುತ್ತದೆಂದು ಖಾತ್ರಿಯಾದ ಮೇಲೆಯೇ ಕೆಳಗಿನದನ್ನು ತೆಗೆದ. ಕರೀ ಎಣ್ಣೆ ಬೋಗುಣಿಗೆ ಇಳಿಯಿತು. ಅದರಲ್ಲಿ ಬೆರಳದ್ದಿ ಬಿಸಿಲಿಗೆ ಹಿಡಿದಾಗ ಹಿತ್ತಾಳೆಯ ಪುಡಿ ಸಣ್ಣಗೆ ಮಿನುಗಿತು. ಆಮೇಲೆ ಎರಡು ಡಬ್ಬಿ ತಂದು ರಾವಸಾಹೇಬರ ಮುಂದಿಟ್ಟ.

"ಯಾವ್ದು ಹಾಕ್ಲಿ? ಗಾಡಿ ಪುಸ್ತಕ ನೋಡಿ ನೀವ ಓದಿ ಹೇಳ್ರಿ. ನಾ ಒಬ್ನ ನೋಡಿ ಹಾಕಂಗಿಲ್ಲ."

ರಾವಸಾಹೇಬರು ಡಬ್ಬಿಗಳನ್ನು ನೋಡಿದರು. ಒಂದರ ಮೇಲೆ ಜಿಎಲ್ ನಾಲ್ಕು ಎಂದಿತ್ತು, ಗೇರ್ ಬಾಕ್ಸಿನದು; ಇನ್ನೊಂದರ ಮೇಲೆ ಜಿಎಲ್ ಐದು, ಆಕ್ಸಲ್‌ನದು. ಅದೇ ಎರಡು ಡಬ್ಬಿ, ಅದೇ ಪಕ್ಕಪಕ್ಕ. ಪುಸ್ತಕದ ಸಾಲಿನ ಮೇಲೆ ಬೆರಳಿಟ್ಟು ಎರಡು ಸಲ ಓದಿದರು. ನಾಲ್ಕು ಎಂದರು.

"ಸರಿ ಐತಿ," ಎಂದು ಅವನು ಡಬ್ಬಿ ಎತ್ತಿಕೊಂಡ. "ಎಣ್ಣಿ ತಪ್ಪಿದ್ರ ಬರೇ ಗಾಡಿ ಅಲ್ರಿ, ಮನೀನೂ ಕುಂದರ್ತೈತಿ."

ಆ ಮಾತು ತಮಗೇ ಎಂದುಕೊಂಡು ರಾವಸಾಹೇಬರು ಪುಸ್ತಕ ಮುಚ್ಚಿದರು. ಅವನು ಗುಂಡಿಗಿಳಿದು, ಪೈಪು ಹಚ್ಚಿ, ಎಣ್ಣೆ ಬಾಯಿಯ ತನಕ ಬಂದು ಹೊರಗೆ ತೊಟ್ಟಿಕ್ಕುವವರೆಗೂ ಸಾವಕಾಶ ತುಂಬಿದ. ಬೋಲ್ಟ್ ಬಿಗಿದು ಮೇಲೆ ಬಂದು ತಾನೇ ಒಂದು ಸುತ್ತು ಓಡಿಸಿ ತಂದ. ಎರಡನೇ ಗೇರು ಸದ್ದಿಲ್ಲದೆ ಬೀಳುತ್ತಿತ್ತು. ರಿಂಗು ಸವೆದದ್ದು ಸವೆದದ್ದೇ, ಆದರೂ ಇನ್ನಷ್ಟು ದಿನ ನಡೆಯುತ್ತದೆ ಎಂದ. ಬಿಸಿಲಿನಲ್ಲಿ ಬಂದಿದ್ದೀರೆಂದು ಒಳಗಿನಿಂದ ತಣ್ಣನೆಯ ನೀರು ತಂದು ಕೊಟ್ಟ.

ಬೈದಿದ್ದರೆ, ಕಾರನ್ನು ಹಾಗೇ ತಳ್ಳಿ ಕಳಿಸಿದ್ದರೆ ತಡೆದುಕೊಳ್ಳಬಹುದಿತ್ತು. ರಾವಸಾಹೇಬರು ಲೋಟ ಕೆಳಗಿಟ್ಟು ಕೈ ಮುಗಿದರು.

"ನಾ ಕಾಕಾಸಾಹೇಬ ಅಲ್ಲಪಾ. ಅಥಣಿ ರಾವಸಾಹೇಬ. ನಿನಗ ಮೊದ್ಲ ಗುರ್ತ ಸಿಕ್ಕೈತಿ, ನಂಗೊತ್ತು. ಅವತ್ತ ತಪ್ಪ ಎಣ್ಣಿ ತರಿಸಿದಾಂವ ನಾನ. ಆ ಎರಡನೇ ಡಬ್ಬಿ ಆಮ್ಯಾಲ ತಂದ ಇಟ್ಟಾಂವನೂ ನಾನ. ನಿನ್ನ ಅನ್ನ ಕಸಗೊಂಡ್ನಿ. ಎಲ್ಲಾ ಗೊತ್ತಿದ್ದೂ ಅವತ್ತ ನೀ ಯಾಕ ಸುಮ್ನಿದ್ದಿ, ಸಮಾಧಾನ?"

ಕೈ ಒರೆಸಿಕೊಳ್ಳುತ್ತಿದ್ದವನು ನಿಂತುಬಿಟ್ಟ. ಅವನ ಮುಖದಲ್ಲಿ ಸಿಟ್ಟು ಇರಲಿಲ್ಲ. ಏನೋ ಹೊಸದನ್ನು ಈಗಷ್ಟೇ ಕೇಳಿದವನ ಮುಖ ಅದು. ಹತ್ತಿರದಿಂದ ನೋಡಿದರೆ ಮೂವತ್ತೂ ದಾಟಿರಲಿಕ್ಕಿಲ್ಲ.

"ನಾ ಸುಮೇಧ ರೀ," ಎಂದ ಅವನು. "ಸಮಾಧಾನ ನಮ್ಮಣ್ಣ. ತಪ್ಪ ತನ್ನದ ಅಂತ ಅಂವಾ ಇವತ್ತಿಗೂ ನಂಬ್ಯಾನ."